ಎಳ್ಕೊಂಡು ಆಡಿ ಗೆಲ್ಲೋ ಹುಡುಗರು

ಭಾನುವಾರ ಬೆಳಗ್ಗೆ ಬೆಂಗಳೂರಿನವರು ಊರು ಬಿಟ್ಟು ಹೋಗೋ ದಿಕ್ಕುಗಳು ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತು. ಬಿರಿಯಾನಿ ಬೇಕಾದವರು ನಸುಕಿಗೇ ಹೊಸಕೋಟೆಗೆ, ಬೆಟ್ಟ ಹತ್ತೋರು ನೆಲಮಂಗಲ ದಾಟಿ ಶಿವಗಂಗೆಗೆ, ಮಂಜು ನೋಡೋರು ದೇವನಹಳ್ಳಿ ಮೇಲಿಂದ ನಂದಿಗೆ. ಹಿಂದೂಪುರದ ಕಡೆ ರೈಲು ಹಿಡಿದ ಹುಡುಗ ಹುಡುಗಿಯರೆಲ್ಲ ಬೆನ್ನಿಗೆ ಬ್ಯಾಗ್ ಏರಿಸಿಕೊಂಡು ಮಾಕಳಿದುರ್ಗಕ್ಕೆ. ದೊಡ್ಡಬಳ್ಳಾಪುರದಲ್ಲಿ ಇಳಿಯೋರು ಆ ಊರಿನವರು, ಸೀರೆ ಕೊಳ್ಳೋಕೆ ಬಂದವರು, ಇಲ್ಲಾ ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತವರು. ಬ್ಯಾಸ್ಕೆಟ್‌ಬಾಲ್ ನೋಡೋಕೆ ಅಂತ ಇಳಿದವಳು ಆವತ್ತು ಬಹುಶಃ ನಾನೊಬ್ಬಳೇ.

ಅಕ್ಕನ ಮಗ ಹದಿನೈದು ದಿನದಿಂದ ಕರೀತಾನೇ ಇದ್ದ. "ಚಿಕ್ಕಮ್ಮ, ನೀನು ಕಾಲೇಜಲ್ಲಿ ಆಡ್ತಿದ್ದೆ ಅಂತ ಬರೀ ಹೇಳ್ತೀಯ, ಒಂದ್ಸಲ ಬಂದು ನಮ್ ಆಟ ನೋಡು" ಅಂತ. ಹಿಂದಿನ ಎರಡು ಟೂರ್ನಿಗಳನ್ನ ಅವನ ತಂಡವೇ ಗೆದ್ದಿತ್ತು. ಫೋಟೊದಲ್ಲಿ ಕಪ್ ನೋಡಿ, ಇವರು ಕೋರ್ಟ್ ತುಂಬ ಚಿರತೆಗಳ ಹಾಗೆ ಓಡಾಡ್ತಾರೆ ಅಂದುಕೊಂಡಿದ್ದೆ.

ಜನವರಿ ಚಳಿ. ಸ್ಟೇಷನ್‌ನಿಂದ ಒಳಗೆ ನಡೆದರೆ ಮೊದಲು ಸಿಗೋದು ಸದ್ದು. ದೊಡ್ಡಬಳ್ಳಾಪುರ ಮಗ್ಗದ ಊರು. ಮನೆಯ ಮುಂಭಾಗದಲ್ಲೇ ಪವರ್‌ಲೂಮ್ ಹಾಕಿಕೊಂಡ ಬೀದಿಗಳಲ್ಲಿ ಲಟಕ್ ಪಟಕ್ ಲಟಕ್ ಪಟಕ್ ಅನ್ನೋದು ಉಸಿರಾಟದ ಹಾಗೆ ನಡೀತಿರುತ್ತೆ. ನಮ್ಮ ಭಾವನ ಮನೆಯಲ್ಲೂ ಎರಡು ಮಗ್ಗ. ಆ ಮನೆಗೆ ಹೊಸದಾಗಿ ಬಂದವರು ಜೋರಾಗಿ ಮಾತಾಡೋದು ಕಲೀತಾರೆ, ಮನೆಯವರು ಮಾತ್ರ ಮೆಲ್ಲಗೇ ಮಾತಾಡಿ ತುಟಿ ನೋಡಿಕೊಂಡೇ ಅರ್ಥ ಮಾಡಿಕೊಳ್ತಾರೆ. ಇದನ್ನ ಆಮೇಲೆ ಕೋರ್ಟಿನಲ್ಲೂ ನೋಡಿದೆ, ಅದಕ್ಕೇ ಈಗ ಹೇಳಿದ್ದು.

ಇನ್ನೊಂದು ಮಾತು. ಈ ಜಿಲ್ಲೆಯ ಹೆಸರಿನಲ್ಲಿ ‘ಗ್ರಾಮಾಂತರ’ ಇದೆ ಅಂತ ಹಳ್ಳಿ ಮೈದಾನ, ಬೇವಿನ ಮರ ಅಂತೆಲ್ಲ ಕಲ್ಪಿಸಿಕೊಳ್ಳಬೇಡಿ. 1986ರಲ್ಲಿ ಬೆಂಗಳೂರು ಜಿಲ್ಲೆಯನ್ನ ಒಡೆದು ಮಾಡಿದ್ದು ಇದು. 2007ರಲ್ಲಿ ರಾಮನಗರ ಬೇರೆಯಾದ ಮೇಲೆ ಉಳಿದಿದ್ದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಅಷ್ಟೇ. 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ನಡೆದ ಸಂಪುಟ ಸಭೆ ಇದಕ್ಕೆ ‘ಬೆಂಗಳೂರು ಉತ್ತರ’ ಅಂತ ಹೆಸರಿಡೋಕೆ ತೀರ್ಮಾನ ಮಾಡಿತು. ನಾಲ್ಕೂ ತಾಲೂಕಿನ ಹುಡುಗರು ಇವತ್ತು ಹೊಲಕ್ಕಿಂತ ಹೆಚ್ಚಾಗಿ ಶಿಫ್ಟಿಗೆ ಹೋಗ್ತಾರೆ. ಗಾರ್ಮೆಂಟ್ಸು, ಗೋಡೌನು, ವಿಮಾನ ನಿಲ್ದಾಣ, ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗಳು. ನಾನು ನೋಡಿದ ತಂಡಕ್ಕೆ ಈ ಶಿಫ್ಟಿಗಿಂತ ದೊಡ್ಡ ಎದುರಾಳಿ ಇರಲಿಲ್ಲ.

ಕೋರ್ಟು ಬಯಲಿನದು. ಸಿಮೆಂಟ್ ನೆಲ, ಒಂದು ಮೂಲೆಯಲ್ಲಿ ಬಿರುಕು, ಅದರ ಮೇಲೆ ಸುಣ್ಣದ ಗೆರೆ. ಎಂಟು ತಂಡ, ಸೋತರೆ ಹೊರಗೆ, ಸಂಜೆಯೊಳಗೆ ಫೈನಲ್. ಮೊದಲ ಪಂದ್ಯದಲ್ಲಿ ಎದುರಿಗೆ ಬಂದವರು ಬೆಂಗಳೂರಿನ ಒಂದು ಕ್ಲಬ್ಬಿನ ಹುಡುಗರು. ಹನ್ನೆರಡು ಜನ, ಹನ್ನೆರಡೂ ಒಂದೇ ಬಣ್ಣದ ಟ್ರ್ಯಾಕ್‌ಸೂಟ್, ನೀರಿನ ಕ್ಯಾನು, ಸಂಗೀತ ಹಾಕೋಕೆ ಒಂದು ಸ್ಪೀಕರ್. ವಾರ್ಮ್‌ಅಪ್‌ನಲ್ಲೇ ಅವರು ಎರಡು ಸಲ ರಿಂಗ್ ಮುಟ್ಟಿ ಬಂದರು. ರಿಂಗ್ ಇರೋದು ನೆಲದಿಂದ 3.05 ಮೀಟರ್ ಎತ್ತರದಲ್ಲಿ, ಮುಟ್ಟೋದು ಸಣ್ಣ ಮಾತಲ್ಲ.

ನಮ್ಮವರು ಏಳೇ ಜನ. ಐದು ಜನ ಒಳಗೆ, ಇಬ್ಬರು ಹೊರಗೆ. ವಾರ್ಮ್‌ಅಪ್ ಅಂದರೆ ಫ್ರೀ ಥ್ರೋ ಗೆರೆ ಮೇಲೆ ಸಾಲಾಗಿ ನಿಂತು ಒಬ್ಬೊಬ್ಬರೇ ಚೆಂಡು ಎಸೆದು, ಹೋಗಿ ಎತ್ತಿಕೊಂಡು ಬಂದು, ಮುಂದಿನವನಿಗೆ ಕೊಡೋದು. ಪಡಿತರದ ಅಂಗಡಿ ಮುಂದೆ ನಿಂತ ಹಾಗಿತ್ತು.

ಪಂದ್ಯ ಶುರುವಾಯ್ತು. ನನಗೆ ಮೊದಲ ಹತ್ತು ನಿಮಿಷ ನಾಚಿಕೆ ಆಯ್ತು, ನಿಜ ಹೇಳ್ತೀನಿ. ಚೆಂಡು ಸಿಕ್ಕರೆ ನಮ್ಮವರು ಓಡಲ್ಲ. ಏಳನೇ ನಂಬರಿನ ನಮ್ಮ ಹುಡುಗ ಚೆಂಡು ಬಡೀತಾ ಬಡೀತಾ ಸಂತೆಗೆ ಹೊರಟವನ ಹಾಗೆ ನಡ್ಕೊಂಡು ಬರ್ತಾನೆ. ಅರ್ಧ ಗೆರೆ ದಾಟೋಕೆ ನಿಯಮದಲ್ಲಿ ಎಂಟು ಸೆಕೆಂಡ್ ಇದೆ, ಇವನು ಅದರಲ್ಲಿ ಏಳನ್ನ ಖರ್ಚು ಮಾಡ್ತಾನೆ. ಆಮೇಲೆ ಪಾಸ್, ಪಾಸ್, ಮತ್ತೆ ಹಿಂದಕ್ಕೇ ಪಾಸ್. ಯಾರೂ ಎಗರಲ್ಲ, ಯಾರೂ ಕೂಗಲ್ಲ. ಪಕ್ಕದಲ್ಲಿ ಕಡಲೆಕಾಯಿ ಸುಲೀತಿದ್ದ ಅಂಕಲ್ ಒಬ್ಬರು, "ಏನಮ್ಮಾ ಇದು, ರಾತ್ರಿ ಊಟ ಮಾಡಿಲ್ವಾ ಈ ಹುಡುಗ್ರು?" ಅಂದರು. ನಾನು ಆ ಹುಡುಗನ ಚಿಕ್ಕಮ್ಮ ಅಂತ ಹೇಳಲಿಲ್ಲ.

ಆದರೆ ಅರ್ಧ ಪಂದ್ಯಕ್ಕೆ ಸ್ಕೋರ್ ನೋಡಿದರೆ ಇಬ್ಬರದೂ ಸಮ. ಮುಗಿಯೋ ಹೊತ್ತಿಗೆ ಮೂರು ಪಾಯಿಂಟ್‌ನಿಂದ ನಮ್ಮವರೇ ಮುಂದೆ. ಗೆದ್ದ ಮೇಲೂ ಕುಣಿತ ಇಲ್ಲ, ಕೈ ಕುಲುಕಿ ಹೋಗಿ ನೆರಳಲ್ಲಿ ಕೂತರು. ಎದುರಿನವರ ಕೋಚು ತಲೆ ಅಲ್ಲಾಡಿಸ್ತಾ, "ಹಿಂಗ್ ಆಡಿ ಹೆಂಗ್ ಗೆಲ್ತಾರೆ ಗುರು" ಅಂತ ಯಾರಿಗೋ ಫೋನಲ್ಲಿ ಹೇಳ್ತಿದ್ದರು.

ಆ ‘ಹೆಂಗೆ’ಗೆ ಉತ್ತರ ಹುಡುಕ್ತಾ ಎರಡನೇ ಪಂದ್ಯವನ್ನ ಬೇರೆ ಕಣ್ಣಿಂದ ನೋಡಿದೆ. ಚೆಂಡನ್ನ ಬಿಟ್ಟು ಹುಡುಗರ ಕಾಲನ್ನ ನೋಡಿದೆ.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಬ್ಬ ಆಟಗಾರನಿಗೆ ಐದು ಫೌಲ್ ಆದರೆ ಅವನು ಹೊರಗೆ, ಆ ಪಂದ್ಯಕ್ಕೆ ವಾಪಸ್ ಬರೋ ಹಾಗಿಲ್ಲ. ಹನ್ನೆರಡು ಜನ ಇರೋ ತಂಡಕ್ಕೆ ಇದು ತಲೆನೋವಲ್ಲ. ಏಳು ಜನ ಇರೋ ತಂಡಕ್ಕೆ ಪ್ರತಿ ಫೌಲೂ ಮನೆಯ ಅಕ್ಕಿ ಡಬ್ಬಿಯಿಂದ ಹಿಡಿ ತೆಗೆದ ಹಾಗೆ. ಅದಕ್ಕೇ ಇವರು ಚೆಂಡು ಕಸಿಯೋಕೆ ಕೈ ಹಾಕೋದೇ ಇಲ್ಲ. ಮುಂದೆ ಇಬ್ಬರು, ಹಿಂದೆ ಮೂವರು ಅಂತ ಜಾಗ ಹಂಚಿಕೊಂಡು ಕೈ ಎತ್ತಿ ನಿಂತುಬಿಡ್ತಾರೆ. ಆಟಗಾರನ ಬೆನ್ನು ಹತ್ತಲ್ಲ, ಜಾಗ ಕಾಯ್ತಾರೆ. ನೋಡೋರಿಗೆ ಇದು ಸೋಮಾರಿತನ. ಎದುರಿನವರಿಗೆ ಮಾತ್ರ ರಿಂಗಿನ ಕೆಳಗೆ ನುಗ್ಗೋಕೆ ದಾರಿ ಇಲ್ಲ, ದೂರದಿಂದ ಎಸೀಬೇಕು. ದೂರದ ಎಸೆತ ನೋಡೋಕೆ ಚಂದ, ಆದರೆ ಮೂರು ಪಾಯಿಂಟ್ ಗೆರೆ ಇರೋದು 6.75 ಮೀಟರ್ ಆಚೆ, ಬಯಲಲ್ಲಿ ಗಾಳಿ ಬೇರೆ. ಚೆಂಡು ರಿಂಗಿಗೆ ಬಡಿದು ಆಚೆ ಬಂದಾಗ ನಮ್ಮವರು ಎಗರೋಕೆ ಮುಂಚೆ ಎದುರಿನವನಿಗೆ ಬೆನ್ನು ಕೊಟ್ಟು ಅಡ್ಡ ನಿಂತಿರ್ತಾರೆ. ಅಷ್ಟೇ, ಚೆಂಡು ತಾನಾಗಿ ಕೈಗೆ ಬೀಳುತ್ತೆ.

ನಿಧಾನದ ಲೆಕ್ಕ ಇನ್ನೂ ಮಜವಾಗಿದೆ. ಅಂತರರಾಷ್ಟ್ರೀಯ ನಿಯಮದ ಪಂದ್ಯ 40 ನಿಮಿಷ, ಅಂದರೆ 2400 ಸೆಕೆಂಡ್. ಎರಡೂ ಕಡೆಯವರು ಸಿಕ್ಕ 24 ಸೆಕೆಂಡನ್ನೂ ಪೂರ್ತಿ ಬಳಸಿದರೆ ಒಟ್ಟು 100 ಸರದಿ, ಒಬ್ಬರಿಗೆ 50. ಹನ್ನೆರಡೇ ಸೆಕೆಂಡಿಗೆ ಎಸೆದು ಮುಗಿಸಿದರೆ ಒಬ್ಬರಿಗೆ 100 ಸರದಿ. ಚೆನ್ನಾಗಿ ಆಡೋ ತಂಡಕ್ಕೆ ಸರದಿ ಹೆಚ್ಚಿದಷ್ಟೂ ತನ್ನ ಕೈಚಳಕ ತೋರಿಸೋಕೆ ಅವಕಾಶ. ಕಮ್ಮಿ ಬಲದ ತಂಡಕ್ಕೆ ಸರದಿ ಕಮ್ಮಿಯಾದಷ್ಟೂ ಒಳ್ಳೇದು, ಎರಡು ಮೂರು ಚೆಂಡು ಅದೃಷ್ಟಕ್ಕೆ ಬಿದ್ದರೆ ಪಂದ್ಯವೇ ಕೈಗೆ. ನಡ್ಕೊಂಡು ಬರೋ ಏಳನೇ ನಂಬರು ಕಾಲು ಮಾತ್ರ ಉಳಿಸ್ತಿರಲಿಲ್ಲ, ಎದುರಿನವರ ಅವಕಾಶಗಳನ್ನೂ ತಿಂತಿದ್ದ.

ಈ 24 ಸೆಕೆಂಡ್ ಅನ್ನೋದು ಹುಟ್ಟಿದ್ದೇ ಇಂಥ ಆಟದಿಂದ. 1950ರ ನವೆಂಬರ್ 22ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಫೋರ್ಟ್ ವೇನ್ ಪಿಸ್ಟನ್ಸ್ ತಂಡ, ಜಾರ್ಜ್ ಮೈಕನ್ ಇದ್ದ ಲೇಕರ್ಸ್ ತಂಡವನ್ನ 19–18ರಿಂದ ಸೋಲಿಸಿತು. ಅದು ಅರ್ಧ ಪಂದ್ಯದ ಸ್ಕೋರ್ ಅಲ್ಲ, ಪೂರ್ತಿ ಪಂದ್ಯದ್ದು! ಮೈಕನ್ ಎದುರು ಓಡಿ ಗೆಲ್ಲೋಕೆ ಆಗಲ್ಲ ಅಂತ ಪಿಸ್ಟನ್ಸ್ ಚೆಂಡು ಹಿಡ್ಕೊಂಡು ಸುಮ್ಮನೆ ನಿಂತರು. ಲೇಕರ್ಸ್‌ನ 18ರಲ್ಲಿ 15 ಪಾಯಿಂಟ್ ಮೈಕನ್ ಒಬ್ಬರದೇ. ಹೀಗೇ ಆದರೆ ಟಿಕೆಟ್ ಕೊಂಡು ಯಾರು ಬರ್ತಾರೆ? 1954ರಲ್ಲಿ ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್ ಒಂದು ಲೆಕ್ಕ ಹಾಕಿದರು. 48 ನಿಮಿಷ ಅಂದರೆ 2880 ಸೆಕೆಂಡ್, ಚೆನ್ನಾಗಿರೋ ಪಂದ್ಯದಲ್ಲಿ ಎರಡೂ ಕಡೆ ಸೇರಿ ಸುಮಾರು 120 ಎಸೆತ, ಭಾಗಿಸಿದರೆ 24. ಅಷ್ಟರೊಳಗೆ ಎಸೀಲೇಬೇಕು ಅನ್ನೋ ನಿಯಮ ಬಂತು. ನಮ್ಮ ಕಬಡ್ಡಿಗೂ ಇದೇ ರೋಗ ಇತ್ತು. ಮುಟ್ಟದೆ, ಸಿಗದೆ, ಗೆರೆ ತುಳಿದು ವಾಪಸ್ ಬರೋ ಖಾಲಿ ರೇಡ್‌ಗಳು. ಪ್ರೊ ಕಬಡ್ಡಿಯಲ್ಲಿ ಎರಡು ಖಾಲಿ ರೇಡ್ ಆದ ಮೇಲೆ ಮೂರನೇದು ‘ಮಾಡು ಇಲ್ಲವೇ ಮಡಿ’ ಆಗೋದು ಅದಕ್ಕೇ. ನೋಡೋರಿಗೆ ಬೇಜಾರಾದಾಗಲೆಲ್ಲ ಆಟದ ನಿಯಮ ಬದಲಾಗಿದೆ, ಆಡೋರಿಗೆ ಸುಸ್ತಾದಾಗ ಅಲ್ಲ.

ದೊಡ್ಡಬಳ್ಳಾಪುರದ ಆ ಕೋರ್ಟಿನಲ್ಲಿ 24 ಸೆಕೆಂಡ್ ತೋರಿಸೋ ಬೋರ್ಡೇ ಇರಲಿಲ್ಲ ಅನ್ನೋದು ಬೇರೆ ವಿಷಯ. ಟೇಬಲ್ ಹತ್ತಿರ ಒಬ್ಬರು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು, ಕೊನೇ ಐದು ಸೆಕೆಂಡನ್ನ ಬೆರಳು ಮಡಚಿ ಎಣಿಸ್ತಿದ್ದರು. ಅವರ ಬೆರಳು ಸ್ವಲ್ಪ ನಿಧಾನ. ನಮ್ಮ ಹುಡುಗರಿಗೆ ಅದೂ ಗೊತ್ತಿತ್ತು.

ಎರಡನೇ ಪಂದ್ಯ ಎರಡೇ ಪಾಯಿಂಟ್‌ನಲ್ಲಿ ಗೆದ್ದರು. ಊಟಕ್ಕೆ ಮನೆಗೆ ಹೋದ್ವಿ, ತಂಡದ ಏಳೂ ಜನ. ಅಕ್ಕ ಹಿಂದಿನ ರಾತ್ರಿಯೇ ಅವರೆಕಾಯಿ ಸುಲಿದಿಟ್ಟಿದ್ದಳು. ಮುದ್ದೆ, ಅವರೆಕಾಳು ಸಾರು. ಹುಡುಗರು ಕೋರ್ಟಿನಲ್ಲಿ ತೋರಿಸದ ಚುರುಕನ್ನ ತಟ್ಟೆ ಮುಂದೆ ತೋರಿಸಿದರು. ಆದರೆ ಯಾರೂ ಎರಡನೇ ಮುದ್ದೆ ಮುಟ್ಟಲಿಲ್ಲ. "ಮಧ್ಯಾಹ್ನ ಫೈನಲ್ ಅಲ್ವಾ ಆಂಟಿ, ಸಂಜೆಗೆ ಇಟ್ಟಿರಿ" ಅಂದ ಹನ್ನೊಂದನೇ ನಂಬರು.

ಅಲ್ಲಿ ಗೊತ್ತಾಯ್ತು. ಹನ್ನೊಂದನೇ ನಂಬರು ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಆರಕ್ಕೆ ಫ್ಯಾಕ್ಟರಿ ಬಸ್ ಇಳಿದು, ಮುಖ ತೊಳ್ಕೊಂಡು ನೇರ ಕೋರ್ಟಿಗೆ ಬಂದವನು. ಇನ್ನೊಬ್ಬನಿಗೆ ಗೋಡೌನಿನಲ್ಲಿ ಪೆಟ್ಟಿಗೆ ಎತ್ತೋ ಕೆಲಸ. ಇಬ್ಬರು ಮನೆಯಲ್ಲೇ ಮಗ್ಗದ ಮೇಲೆ. ಒಬ್ಬ ಐಟಿಐ. ನಮ್ಮವನು, ಇನ್ನೊಬ್ಬ ಡಿಗ್ರಿ ಕೊನೇ ವರ್ಷ. ಒಂದೇ ಹೈಸ್ಕೂಲಿನಲ್ಲಿ ಒಬ್ಬರು ಪಿ.ಟಿ. ಮೇಷ್ಟ್ರು ಇವರನ್ನೆಲ್ಲ ಸೇರಿಸಿ ಚೆಂಡು ಹಿಡಿಸಿದ್ದು. ಶಾಲೆ ಮುಗಿದು ಎಷ್ಟೋ ವರ್ಷ ಆದರೂ ಬಿಟ್ಟಿಲ್ಲ. ಏಳೂ ಜನ ಒಟ್ಟಿಗೆ ಅಭ್ಯಾಸ ಮಾಡೋಕೆ ಸಿಗೋದು ವಾರಕ್ಕೆ ಒಂದು ಸಂಜೆ, ಅದೂ ಪಾಳಿ ಹೊಂದಿದರೆ.

"ಅದ್ರಲ್ಲಿ ಏನ್ ಪ್ರಾಕ್ಟೀಸ್ ಮಾಡ್ತೀರೋ?" ಅಂದೆ.

"ಫ್ರೀ ಥ್ರೋ ಚಿಕ್ಕಮ್ಮ. ಮೊದ್ಲು ನಾಲ್ಕು ರೌಂಡ್ ಓಡಿ, ಉಸಿರು ಕಟ್ಟಿದ್ಮೇಲೆ ಹೊಡೀತೀವಿ. ಸುಸ್ತಾದಾಗ್ಲೇ ಅಲ್ವಾ ಮ್ಯಾಚಲ್ಲಿ ಬೀಳ್ಬೇಕಿರೋದು."

ಇದು ನನಗೆ ಹೊಳೆದಿರಲಿಲ್ಲ. ನಾವು ಕಾಲೇಜಲ್ಲಿ ಫ್ರೀ ಥ್ರೋ ಅಭ್ಯಾಸ ಮಾಡ್ತಿದ್ದದ್ದು ಶುರುವಿನಲ್ಲಿ, ಮೈ ತಾಜಾ ಇದ್ದಾಗ. ರಿಂಗಿನ ಹಲಗೆಯಿಂದ 4.6 ಮೀಟರ್ ದೂರದ ಗೆರೆ, ಅಡ್ಡ ಯಾರೂ ಇಲ್ಲ, ಐದು ಸೆಕೆಂಡ್ ಸಮಯ. ಒಂದು ಕ್ವಾರ್ಟರಿನಲ್ಲಿ ಎದುರಿನ ತಂಡ ನಾಲ್ಕು ಫೌಲ್ ಮೀರಿದರೆ ಆಮೇಲೆ ಪ್ರತಿ ಫೌಲಿಗೂ ಎರಡು ಫ್ರೀ ಥ್ರೋ. ಹುಮ್ಮಸ್ಸಿನ ತಂಡಗಳು ಕೈ ಹಾಕಿ ಹಾಕಿ ಬೇಗ ನಾಲ್ಕು ದಾಟಿಬಿಡ್ತವೆ. ಬೆಳಗ್ಗೆ ವಾರ್ಮ್‌ಅಪ್ ಅಂತ ಇವರು ಸಾಲಲ್ಲಿ ನಿಂತಿದ್ದು ಯಾಕೆ ಅಂತ ಈಗ ತಿಳೀತು. ಬೆಳಗಿನ ಪಂದ್ಯದ ಕೊನೇ ಆರು ಪಾಯಿಂಟ್‌ಗಳಲ್ಲಿ ಐದು ಬಂದಿದ್ದು ಆ ಗೆರೆಯಿಂದಲೇ.

ಅಕ್ಕನಿಗೆ ಇದೆಲ್ಲ ಬೇಡ. ಕೈ ತೊಳೆಯೋಕೆ ನೀರು ಹಾಕ್ತಾ, "ಗೆದ್ದು ಬರ್ತಾವೆ, ಕಪ್ಪು ಅಟ್ಟದ ಮೇಲೆ ಇಡ್ತಾವೆ. ಯಾರಾದ್ರೂ ಕರ್ದು ಒಂದು ಕೆಲ್ಸ ಕೊಟ್ರಾ ಕೇಳು" ಅಂದಳು. ಅವಳ ಮಾತಿನಲ್ಲಿ ಸುಳ್ಳಿಲ್ಲ. ಕ್ರೀಡಾ ಕೋಟಾದ ಸೀಟಿಗೋ, ಕೆಲಸಕ್ಕೋ ಹುಡುಗರನ್ನ ಆರಿಸೋರು ನೋಡೋದು ಎತ್ತರ, ಎಗರೋದು, ಓಡೋದು. ಗೆಲ್ಲೋದು ತಂಡ, ಆಯ್ಕೆಯಾಗೋದು ಒಬ್ಬ. ಯಾರೂ ಕಣ್ಣಿಗೆ ಬೀಳದ ಹಾಗೆ ಗೆಲ್ಲೋ ತಂಡದಿಂದ ಯಾರನ್ನ ಆರಿಸ್ತಾರೆ? ಆವತ್ತು ಕೋರ್ಟಿನ ಬದಿಯಲ್ಲಿ ನೋಟ್‌ಬುಕ್ ಹಿಡಿದ ಒಬ್ಬರು ಕೂತಿದ್ದರು. ಸೋತ ಕ್ಲಬ್ಬಿನ ಇಬ್ಬರು ಹುಡುಗರ ಹೆಸರು ಬರ್ಕೊಂಡು ಹೋದರು, ಗೆದ್ದವರದು ಒಂದೂ ಇಲ್ಲ.

ಹಾಗಂತ ಈ ಭಾಗದಲ್ಲಿ ಬ್ಯಾಸ್ಕೆಟ್‌ಬಾಲ್‌ಗೆ ದಾರಿಯೇ ಇಲ್ಲ ಅಂತಲ್ಲ. ದೇವನಹಳ್ಳಿಗೆ ಹೋಗೋ ಬಳ್ಳಾರಿ ರಸ್ತೆಯಲ್ಲೇ ವಿದ್ಯಾನಗರ ಇದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯ ಅಲ್ಲಿಯದು. ಊಟ, ಹಾಸಿಗೆ, ಕೋರ್ಟು, ಕೋಚು ಎಲ್ಲ ಒಂದೇ ಕಡೆ. ಆದರೆ ಅಂಥ ಕಡೆಗೆ ಚಿಕ್ಕ ವಯಸ್ಸಿನಲ್ಲೇ ಹೋಗಿ ಸೇರ್ಕೋಬೇಕು. ಇಪ್ಪತ್ತೊಂದಕ್ಕೆ, ಮಗ್ಗ ಬಿಟ್ಟು ಅಲ್ಲ.

ಅಂತರ ಸಣ್ಣದಾದರೆ ಗೆಲುವು ಸಣ್ಣದು ಅನ್ನೋರಿಗೆ ಒಂದು ಮಾತು. 2017ರ ಜುಲೈನಲ್ಲಿ ಮಹಿಳೆಯರ ಏಷ್ಯಾ ಕಪ್ ನಮ್ಮ ಬೆಂಗಳೂರಿನಲ್ಲೇ ನಡೀತು. ಜಪಾನ್ ಆಸ್ಟ್ರೇಲಿಯಾವನ್ನ ಸೋಲಿಸಿ ಕಪ್ ಎತ್ತಿದ್ದು 74–73ರಿಂದ. ಅದೇ ಕೂಟದ ‘ಬಿ’ ವಿಭಾಗದ ಫೈನಲ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ಕಜಾಕಸ್ತಾನವನ್ನ 75–73ರಿಂದ ಮಣಿಸಿ ‘ಎ’ ವಿಭಾಗಕ್ಕೆ ಏರಿದರು. ಒಂದು ಪಾಯಿಂಟು, ಎರಡು ಪಾಯಿಂಟು. ಕ್ರಿಕೆಟ್ ಬೇಕೆಂದರೆ, 2019ರಲ್ಲಿ ಸೂರತ್‌ನಲ್ಲಿ ಕರ್ನಾಟಕ ಸೈಯದ್ ಮುಷ್ತಾಕ್ ಅಲಿ ಟ್ರೋಫಿ ಗೆದ್ದಿದ್ದು ತಮಿಳುನಾಡಿನ ಮೇಲೆ ಒಂದೇ ರನ್‌ನಿಂದ. ಆ ರಾತ್ರಿ ಯಾರಾದರೂ ‘ಇನ್ನೊಂದು ಇಪ್ಪತ್ತು ರನ್ ಇರಬೇಕಿತ್ತು’ ಅಂತ ಊಟ ಬಿಟ್ಟರಾ?

ಮೂರೂವರೆಗೆ ಫೈನಲ್. ಬಿಸಿಲು ಇಳಿದಿತ್ತು, ಕಡಲೆಕಾಯಿ ಅಂಕಲ್ ಅದೇ ಜಾಗದಲ್ಲಿದ್ದರು. ಎದುರಿನವರು ಹೊಸಕೋಟೆ ಕಡೆಯವರು, ಟಾಟಾ ಏಸ್‌ನಲ್ಲಿ ಹತ್ತು ಜನ ಬಂದಿದ್ದರು. 2024ರಲ್ಲಿ ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೇಲೆ ಹೊಸಕೋಟೆಗೆ ಉಪನಗರ ವರ್ತುಲ ರಸ್ತೆ ಆದ ಮೇಲೆ ಬೆಂಗಳೂರಿನೊಳಗೆ ಹೋಗದೆಯೇ ಒಂದು ತಾಲೂಕಿನವರು ಇನ್ನೊಂದು ತಾಲೂಕಿಗೆ ಆಡೋಕೆ ಬರ್ತಾರೆ. ಆ ರಸ್ತೆಯ ಈ ಉಪಯೋಗ ಯಾವ ಉದ್ಘಾಟನಾ ಭಾಷಣದಲ್ಲೂ ಬಂದಿರಲಿಕ್ಕಿಲ್ಲ.

ಹೊಸಕೋಟೆಯವರು ಇವರ ಗುಟ್ಟನ್ನ ಮೊದಲೇ ತಿಳ್ಕೊಂಡು ಬಂದಿದ್ದರು. ಶುರುವಿಂದಲೇ ಪೂರ್ತಿ ಕೋರ್ಟಿನಲ್ಲಿ ಮೇಲೆ ಬಿದ್ದರು. ಚೆಂಡು ಒಳಗೆ ಎಸೆಯೋಕೂ ಬಿಡಲ್ಲ, ನಡ್ಕೊಂಡು ಬರೋ ಆಟವೇ ನಡೆಯಲ್ಲ. ಮೂರು ಸಲ ಎಂಟು ಸೆಕೆಂಡ್ ಮೀರಿ ಚೆಂಡು ಹೋಯ್ತು. ಹತ್ತು ಪಾಯಿಂಟ್ ಹಿಂದೆ. ಇಲ್ಲಿಗೆ ಮುಗೀತು ಅಂದುಕೊಂಡೆ. ಹಳೇ ಆಟಗಾರ್ತಿಯಾಗಿ ಹೇಳೋದಾದರೆ, ಇದು ಈ ತಂಡದ ನಿಜವಾದ ಕೊರತೆ. ಸರಿಯಾಗಿ ಒತ್ತೋರು ಸಿಕ್ಕರೆ ಇವರ ಹತ್ತಿರ ಎರಡನೇ ಉಪಾಯ ಇಲ್ಲ. ಉಳಿಸ್ಕೊಂಡು ಆಡಿ ಆಡಿ, ಖರ್ಚು ಮಾಡಬೇಕಾದಾಗ ಕೈ ಹಿಂದೆ ಸರಿಯುತ್ತೆ.

ಇವರನ್ನ ಉಳಿಸಿದ್ದು ಮೌನ. ಎದುರಿನವರು ಕೂಗಾಡ್ತಾ ಓಡಾಡ್ತಿದ್ದರೆ ನಮ್ಮವರು ಕಣ್ಣಲ್ಲೇ ಮಾತಾಡಿಕೊಂಡು ಹಿಂದಿನ ಇಬ್ಬರನ್ನ ಅರ್ಧ ಗೆರೆ ಹತ್ತಿರಕ್ಕೆ ಕರೆಸಿಕೊಂಡರು. ಮಗ್ಗದ ಮನೆಯ ಹುಡುಗರು, ಸದ್ದಿನಲ್ಲಿ ಮಾತು ಬೇಕಾಗಲ್ಲ. ಉದ್ದಕ್ಕೆ ಒಂದು ಪಾಸ್, ಅಲ್ಲಿಂದ ಇನ್ನೊಂದು, ಒತ್ತಡ ದಾಟಿತು. ನಾಲ್ಕನೇ ಕ್ವಾರ್ಟರಿಗೆ ಹೊಸಕೋಟೆಯವರ ಕಾಲು ಭಾರವಾಯ್ತು. ಓಡೋದು ಕಮ್ಮಿಯಾದಾಗ ಕೈ ಹಾಕೋದು ಜಾಸ್ತಿಯಾಗುತ್ತೆ. ಫೌಲ್ ಎಣಿಕೆ ನಾಲ್ಕು ದಾಟಿತು. ರಾತ್ರಿಯೆಲ್ಲ ಎದ್ದಿದ್ದ ಹನ್ನೊಂದನೇ ನಂಬರು ಗೆರೆ ಮೇಲೆ ನಿಂತು, ಚೆಂಡನ್ನ ಎರಡು ಸಲ ನೆಲಕ್ಕೆ ಬಡಿದು, ಮುಖದಲ್ಲಿ ಯಾವ ಭಾವನೆಯೂ ಇಲ್ಲದೆ ಹಾಕ್ತಾ ಹೋದ. ಆಕಳಿಸಿದ ಕೂಡ, ನಾನು ನೋಡಿದೆ.

ಎರಡು ಪಾಯಿಂಟ್‌ನಿಂದ ಗೆದ್ದರು. ಅಂಕಲ್ ಕಡಲೆಕಾಯಿ ಸಿಪ್ಪೆ ಕೊಡವಿ ಎದ್ದು, "ನನಗಂತೂ ಹಿಡಿಸ್ಲಿಲ್ಲಮ್ಮಾ" ಅಂದರು. ಮುಂದಿನ ಟೂರ್ನಿ ನೆಲಮಂಗಲದಲ್ಲಿ ಯಾವತ್ತು ಅಂತ ವಿಚಾರಿಸಿಕೊಂಡೇ ಹೋದರು.

ಬಹುಮಾನದ ಕವರ್ ಬಿಚ್ಚಿ ನಮ್ಮ ಹುಡುಗ ದುಡ್ಡನ್ನ ಮೂರು ಭಾಗ ಮಾಡಿದ. ಒಂದು ನೆಲಮಂಗಲದ ಎಂಟ್ರಿ ಫೀ. ಒಂದು ಹೊಸ ಚೆಂಡಿಗೆ, ಹಳೇದರ ಸಿಪ್ಪೆ ಎದ್ದಿದೆ. ಮೂರನೇದು ಹನ್ನೊಂದನೇ ನಂಬರಿಗೆ, ಅವನು ಆವತ್ತು ಹೆಚ್ಚುವರಿ ಪಾಳಿ ಬಿಟ್ಟು ಬಂದಿದ್ದಕ್ಕೆ. ಸೋತಿದ್ದರೆ ಈ ಮೂರರಲ್ಲಿ ಒಂದೂ ಇರ್ತಿರಲಿಲ್ಲ. ನೆಲಮಂಗಲಕ್ಕೆ ಹೋಗೋದೂ ಇರ್ತಿರಲಿಲ್ಲ.

"ಚಂದ ಆಡಿ ಸೋತ್ರೆ ಎಂಟ್ರಿ ಫೀ ಯಾರ್ ಕೊಡ್ತಾರೆ ಚಿಕ್ಕಮ್ಮ?" ಅಂದ. ನಾನು ಕೊಡ್ತೀನಿ ಅಂದೆ. "ಬೇಡ, ನೀನು ಒತ್ತೋರನ್ನ ದಾಟೋದು ಹೆಂಗೆ ಅಂತ ಹೇಳ್ಕೊಡು" ಅಂದ. ಮುಂದಿನ ಭಾನುವಾರ ಬೆಳಗ್ಗೆ ಏಳಕ್ಕೆ ಅಂತ ಮಾತಾಯ್ತು. ಹನ್ನೊಂದನೇ ನಂಬರು ಮಾತ್ರ ಅಷ್ಟರಲ್ಲಿ ಇರಲಿಲ್ಲ. ಜರ್ಸಿ ಮೇಲೇ ಸ್ವೆಟರ್ ಹಾಕ್ಕೊಂಡು ಫ್ಯಾಕ್ಟರಿ ಬಸ್ಸು ಬರೋ ಕಡೆ ಓಡ್ತಿದ್ದ. ಇಡೀ ದಿನದಲ್ಲಿ ಅವನು ಓಡಿದ್ದನ್ನ ನಾನು ನೋಡಿದ್ದು ಆಗಲೇ.